ಅಪ್ಪ ಅಮ್ಮ ಬೇರೆಯಾಗುವಾಗ ಮಕ್ಕಳಿಗೆ ಹೇಗೆ ಹೇಳುವುದು?

ನಮ್ಮೂರಲ್ಲಿ ಒಂದು ಸುಲಭದ ಸುಳ್ಳಿದೆ: 'ಅಪ್ಪ ದುಬೈಗೆ ಹೋಗಿದ್ದಾರೆ.' ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಮಂಗಳೂರು, ಉಡುಪಿ ಕಡೆ ಕಡಿಮೆ, ಅಲ್ವಾ? ಮಗು ನಂಬುತ್ತದೆ. ಆಮೇಲೊಂದು ದಿನ ಸ್ಕೂಲ್ ವ್ಯಾನಿನಲ್ಲಿ ಯಾರೋ ನಿಜ ಹೇಳಿಬಿಡುತ್ತಾರೆ. ದಯವಿಟ್ಟು ಈ ಸುಳ್ಳು ಬೇಡ.

ಮೊದಲು ದಿನ ಆರಿಸಿ. ಪರೀಕ್ಷೆಯ ಹಿಂದಿನ ರಾತ್ರಿ ಬೇಡ. ಶನಿವಾರ ಮಧ್ಯಾಹ್ನದ ಮೇಲೆ ಒಳ್ಳೆಯದು, ಭಾನುವಾರ ಇಡೀ ಮಗುವಿನ ಜೊತೆ ಇರಬಹುದು. ಆದಷ್ಟೂ ಇಬ್ಬರೂ ಒಟ್ಟಿಗೆ ಕೂತು ಹೇಳಿ. 'ನಾವು ಇನ್ನು ಒಂದೇ ಮನೆಯಲ್ಲಿ ಇರುವುದಿಲ್ಲ. ಇದು ನಿನ್ನಿಂದ ಆದದ್ದಲ್ಲ. ನಾವಿಬ್ಬರೂ ಯಾವಾಗಲೂ ನಿನ್ನ ಅಪ್ಪ ಅಮ್ಮನೇ.' ಇಷ್ಟು ಸಾಕು. ಯಾರ ತಪ್ಪು ಎಂಬ ಕಥೆ ಬೇಡವೇ ಬೇಡ.

ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ನಮ್ಮ ನೆಂಟರ ಮನೆಯಲ್ಲಿ ಹೀಗೆ ಹೇಳಿದಾಗ ಎಂಟು ವರ್ಷದ ಹುಡುಗಿ ಅಳಲಿಲ್ಲ. ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತುತ್ತಾ, 'ಹಾಗಾದ್ರೆ ನನ್ನ ಸೈಕಲ್ ಎಲ್ಲಿರುತ್ತದೆ?' ಎಂದು ಕೇಳಿದಳು. ದೊಡ್ಡವರು ಮುಖ ಮುಖ ನೋಡಿಕೊಂಡರು. ಮಕ್ಕಳ ಭಯ ಇಂಥ ಸಣ್ಣ ಸಂಗತಿಗಳಲ್ಲೇ ಇರುತ್ತದೆ. ಜಡೆ ಹಾಕುವವರು ಯಾರು? ವ್ಯಾನ್ ಯಾವ ಮನೆಗೆ ಬರುತ್ತದೆ? ಜುಲೈಯಲ್ಲಿ ಮಳೆಗೆ ಡಿಸಿ ರಜೆ ಕೊಟ್ಟರೆ ಯಾರ ಮನೆಯಲ್ಲಿರುವುದು? ಇದಕ್ಕೆಲ್ಲ ಉತ್ತರ ಮೊದಲೇ ಮಾತಾಡಿಟ್ಟುಕೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪನ ದಿನಕ್ಕೊಂದು ಬಣ್ಣ, ಅಮ್ಮನ ದಿನಕ್ಕೊಂದು ಬಣ್ಣ ಹಾಕಿ. ಎರಡೂ ಮನೆಯಲ್ಲಿ ಬ್ರಷ್, ಬಟ್ಟೆ, ಹೊದಿಕೆ ಇರಲಿ. ಮಗು ಎಲ್ಲಿಗೂ ನೆಂಟರ ಹಾಗೆ ಬ್ಯಾಗ್ ಹಿಡಿದು ಹೋಗುವುದು ಬೇಡ.

ಮಗುವಿನ ಕೈಯಲ್ಲಿ ಸುದ್ದಿ ಕಳಿಸಬೇಡಿ. 'ಫೀಸ್ ಕಟ್ಲಿಕ್ಕೆ ಹೇಳು ನಿನ್ನಪ್ಪನಿಗೆ' ಎನ್ನುವ ಮಾತು ನೇರ ಅಪ್ಪನಿಗೇ ಹೋಗಲಿ. ಮದುವೆ ಹಾಲ್‌ನಲ್ಲಿ, ಭೂತಕೋಲದಲ್ಲಿ 'ನಿನಗೆ ಅಮ್ಮ ಬೇಕಾ, ಅಪ್ಪ ಬೇಕಾ?' ಎಂದು ಕೇಳುವ ನೆಂಟರಿರುತ್ತಾರೆ. ಅಲ್ಲೇ ತಡೆಯಿರಿ. ಅವರಿಗೆ ಬೇಜಾರಾದರೂ ಪರವಾಗಿಲ್ಲ.

ಕ್ಲಾಸ್ ಟೀಚರಿಗೆ ವಿಷಯ ತಿಳಿಸಿ. ಶಾಲೆಗೆ ಹೊರಡುವಾಗ ಹೊಟ್ಟೆನೋವು, ರಾತ್ರಿ ಹಾಸಿಗೆ ಒದ್ದೆ, ಸುಮ್ಮಸುಮ್ಮನೆ ಸಿಟ್ಟು ಕೆಲವು ವಾರವಾದರೂ ನಿಲ್ಲದಿದ್ದರೆ ಮಕ್ಕಳ ಆಪ್ತಸಲಹೆಗಾರರ ಬಳಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೋರ್ಟಿನ ವಿಷಯ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ವಿಚ್ಛೇದನಕ್ಕೆ ಒಪ್ಪಿದರೂ ಮೊದಲ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 6 ತಿಂಗಳು ಕಾಯಬೇಕು. ಆ ಸಮಯವನ್ನು ಮಗು ಎಲ್ಲಿರಬೇಕು, ಯಾವಾಗ ಭೇಟಿ ಎಂದು ತೀರ್ಮಾನಿಸಲು ಬಳಸಿ. ಹಿಂದೂ ಕಾನೂನಿನಲ್ಲಿ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. ಆದರೂ ಕೋರ್ಟ್ ಮೊದಲು ನೋಡುವುದು ಮಗುವಿನ ಹಿತವನ್ನೇ. ಸ್ವಲ್ಪ ದೊಡ್ಡ ಮಗುವಾದರೆ ನ್ಯಾಯಾಧೀಶರು ಹತ್ತಿರ ಕರೆದು ಮಾತಾಡಿಸಲೂಬಹುದು. ಹಿಂದಿನ ದಿನ ಉತ್ತರ ಬಾಯಿಪಾಠ ಮಾಡಿಸಬೇಡಿ. ಹೊಟ್ಟೆ ತುಂಬ ತಿಂಡಿ ಕೊಟ್ಟು, 'ನಿನಗೆ ಅನಿಸಿದ್ದು ಹೇಳು, ನಾನು ಹೊರಗೆ ಇರುತ್ತೇನೆ' ಎಂದು ಕಳಿಸಿ.