ಯಾರಿಗೆ ಯಾವ ಸಿನೆಮಾ: ಯುರೋಪಿನ ಚಿತ್ರಗಳೊಡನೆ ನನ್ನ ಅನುಭವ

ಯುರೋಪಿನ ಒಳ್ಳೆಯ ಸಿನೆಮಾ ಒಂದನ್ನು ಹೇಳಿ ಎಂದು ಯಾರಾದರೂ ಕೇಳಿದರೆ, ಹೆಸರು ಹೇಳುವ ಮೊದಲು ನಾನು ಅವರನ್ನೇ ಎರಡು ಮಾತು ಕೇಳುತ್ತೇನೆ. ಇತ್ತೀಚೆಗೆ ಓದಿದ ಅಥವಾ ನೋಡಿದ ಕಥೆಗಳಲ್ಲಿ ಮನಸ್ಸಿಗೆ ಹಿಡಿಸಿದ್ದು ಯಾವುದು, ಮತ್ತು ಸಿನೆಮಾ ನೋಡುವುದು ಒಬ್ಬರೇ ಕೂತೋ ಮನೆಮಂದಿಯ ಜೊತೆಗೋ. ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ. ಶ್ರೇಷ್ಠ ನೂರು ಚಿತ್ರಗಳ ಪಟ್ಟಿ ಎಲ್ಲೆಂದರಲ್ಲಿ ಸಿಗುತ್ತದೆ. ಆದರೆ ಎದುರಿಗೆ ಕೂತಿರುವ ಮನುಷ್ಯ ಯಾರು, ಅವರ ಬದುಕಿನಲ್ಲಿ ಈಗ ಏನು ನಡೆದಿದೆ ಎಂಬುದು ಯಾವ ಪಟ್ಟಿಗೂ ತಿಳಿದಿರುವುದಿಲ್ಲ. ಸಾಗರದಲ್ಲಿ ಮೇಷ್ಟರ ಕೆಲಸ ಮಾಡಿಕೊಂಡು ಹಲವು ವರ್ಷಗಳಿಂದ ಇಟಲಿ, ಫ್ರಾನ್ಸ್, ಸ್ವೀಡನ್, ಪೋಲೆಂಡ್, ಬೆಲ್ಜಿಯಂಗಳ ಚಿತ್ರಗಳನ್ನು ಹುಡುಕಿ ನೋಡುತ್ತ, ನೋಡಿದ್ದನ್ನು ಬಂಧುಗಳಿಗೆ, ನೆರೆಯವರಿಗೆ, ವಿದ್ಯಾರ್ಥಿಗಳಿಗೆ ದಾಟಿಸುತ್ತ ಬಂದ ನನಗೆ ಈ ಕೆಲಸದಲ್ಲಿ ಮನದಟ್ಟಾದ ಸಂಗತಿ ಇದೊಂದೇ: ಚಿತ್ರಕ್ಕೂ ನೋಡುಗನಿಗೂ ನಡುವೆ ಒಂದು ಗುರುತಿನ ಎಳೆ ಇದ್ದರೆ ದೇಶ, ಭಾಷೆ, ಕಾಲ ಯಾವುದೂ ಅಡ್ಡ ಬರುವುದಿಲ್ಲ.

ನಮ್ಮ ಸೀಮೆಗೆ ಇದು ಹೊಸ ಹಾದಿಯೇನೂ ಅಲ್ಲ. ಇಲ್ಲಿಂದ ಕೂಗಳತೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಅಡಿಕೆ ತೋಟದ ಕೆಲಸ ಮುಗಿಸಿ ಬಂದವರ ಮುಂದೆ ಜಗತ್ತಿನ ಚಿತ್ರಗಳನ್ನು ಇಟ್ಟರು. ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಅದಕ್ಕೂ ಎರಡು ವರ್ಷ ಮೊದಲು, 1971ರಲ್ಲಿ, ಆರಂಭವಾಗಿತ್ತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ, ರಾಯಭಾರ ಕಚೇರಿಗಳಿಂದ ರೀಲಿನ ಡಬ್ಬಿಗಳನ್ನು ತರಿಸಿ ತೋರಿಸುತ್ತಿದ್ದ ಆ ಕಾಲದಲ್ಲಿ ಒಂದು ಚಿತ್ರ ಕೈಗೆ ಸಿಗುವುದೇ ದೊಡ್ಡದು. ಈಗ ಸಿಗುವುದು ಸುಲಭ, ಆರಿಸುವುದು ಕಷ್ಟ. ಆದರೂ ಆ ತಲೆಮಾರಿನವರ ಒಂದು ಪದ್ಧತಿಯನ್ನು ನಾನು ಬಿಟ್ಟಿಲ್ಲ. ಚಿತ್ರ ತೋರಿಸುವ ಮೊದಲು ಅದು ಯಾವ ಊರಿನದು, ಯಾವ ಹೊತ್ತಿನದು, ಅಲ್ಲಿನ ಜನಕ್ಕೆ ಆಗ ಏನಾಗಿತ್ತು ಎಂಬುದನ್ನು ಕನ್ನಡದಲ್ಲಿ ಹತ್ತು ನಿಮಿಷ ಹೇಳಿಯೇ ಹೇಳುತ್ತೇನೆ.

ಹುಡುಕುವುದಕ್ಕೆ ನಾನು ಹಿಡಿದದ್ದು ಪಟ್ಟಿಗಳನ್ನಲ್ಲ, ಮನುಷ್ಯರನ್ನು. ಇಷ್ಟವಾದ ಒಂದು ಚಿತ್ರದ ಹೆಸರುಗಳ ಸಾಲಿನಲ್ಲಿ ಒಬ್ಬರನ್ನು ಆರಿಸಿಕೊಂಡು, ಅವರು ಮುಂದೆ ಎಲ್ಲಿಗೆ ಹೋದರು, ಹಿಂದೆ ಎಲ್ಲಿಂದ ಬಂದರು ಎಂದು ನೋಡುತ್ತ ಹೋಗುವುದು. ಇಂಗ್ಮಾರ್ ಬರ್ಗ್‌ಮನ್ 1957ರಲ್ಲಿ ಮಾಡಿದ 'ವೈಲ್ಡ್ ಸ್ಟ್ರಾಬೆರೀಸ್'ನಲ್ಲಿ ಐಸಾಕ್ ಬೋರ್ಗ್ ಎಂಬ ವೃದ್ಧ ವೈದ್ಯ, ಗೌರವ ಸ್ವೀಕರಿಸಲು ಸ್ಟಾಕ್‌ಹೋಮ್‌ನಿಂದ ಲುಂಡ್‌ಗೆ ಸೊಸೆಯ ಜೊತೆ ಕಾರಿನಲ್ಲಿ ಹೋಗುತ್ತಾನೆ. ಹೊರಡುವ ಮೊದಲು ಅವನಿಗೆ ಬೀಳುವ ಕನಸಿನಲ್ಲಿ ಮುಳ್ಳುಗಳಿಲ್ಲದ ಗಡಿಯಾರವಿದೆ, ಸಾರಥಿಯಿಲ್ಲದೆ ಬರುವ ಶವದ ಬಂಡಿಯಿದೆ. ಆ ವೃದ್ಧನ ಮುಖ ನನ್ನನ್ನು ಬಿಡಲಿಲ್ಲ. ಯಾರಿವರು ಎಂದು ಹುಡುಕಿದಾಗ ವಿಕ್ಟರ್ ಶೋಸ್ಟ್ರಮ್ ಎಂಬ ಹೆಸರು ಸಿಕ್ಕಿತು. ಅವರು ಸ್ವೀಡನ್ನಿನ ಮೂಕಿಚಿತ್ರಗಳ ಕಾಲದ ಹಿರಿಯ ನಿರ್ದೇಶಕರೆಂದು ಆಗಲೇ ತಿಳಿದದ್ದು. ಅವರ 1921ರ 'ದಿ ಫ್ಯಾಂಟಮ್ ಕ್ಯಾರೇಜ್' ಸೆಲ್ಮಾ ಲಾಗರ್‌ಲೋಫ್ ಅವರ ಕಥೆಯನ್ನು ಆಧರಿಸಿದ್ದು. ವರ್ಷದ ಕೊನೆಯ ರಾತ್ರಿ ಕೊನೆಗೆ ಸತ್ತವನು ಮುಂದಿನ ವರ್ಷವಿಡೀ ಸಾವಿನ ಬಂಡಿ ಹೊಡೆಯಬೇಕು ಎಂಬುದು ಅದರ ಕಲ್ಪನೆ. ಅದನ್ನು ನೋಡಿದ ಮೇಲೆ ಬರ್ಗ್‌ಮನ್ನರ ಕನಸಿನ ಬಂಡಿ ಎಲ್ಲಿಂದ ಹೊರಟು ಬಂದಿದೆ ಎಂಬುದು ಕಣ್ಣಿಗೆ ಕಟ್ಟಿತು. ಒಬ್ಬ ನಟನ ಮುಖ ಹೀಗೆ ಮೂವತ್ತಾರು ವರ್ಷ ಹಿಂದಕ್ಕೆ ಕರೆದುಕೊಂಡು ಹೋದದ್ದು, ಯಾವ ವಿಮರ್ಶೆಯೂ ಕೊಡದ ಸಂತೋಷವನ್ನು ನನಗೆ ಕೊಟ್ಟಿದೆ.

ಇನ್ನೊಂದು ಎಳೆ ಚಿತ್ರಕಥೆ ಬರೆಯುವವರದು. 'ಬೈಸಿಕಲ್ ಥೀವ್ಸ್' ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ಅವರ ಹೆಸರೂ ಗೊತ್ತು. ಅದನ್ನು ಬರೆದವರಲ್ಲಿ ಮುಖ್ಯರಾದ ಚೆಸಾರೆ ಝವಾಟ್ಟಿನಿ ಅವರ ಬೆನ್ನು ಹಿಡಿದು ಹೋದರೆ 1952ರ 'ಉಂಬೆರ್ತೊ ಡಿ.' ಸಿಗುತ್ತದೆ. ಸರ್ಕಾರಿ ನೌಕರಿಯಿಂದ ನಿವೃತ್ತನಾದ ಒಬ್ಬ ಮುದುಕ, ಬಾಡಿಗೆಗೆ ಸಾಲದ ಪಿಂಚಣಿ, ಹೊರಗೆ ಹಾಕಲು ಕಾದಿರುವ ಮನೆಯೊಡತಿ, ಫ್ಲೈಕ್ ಎಂಬ ನಾಯಿ. ಚಿತ್ರ ಶುರುವಾಗುವುದೇ ರೋಮ್ ನಗರದ ಬೀದಿಯಲ್ಲಿ ಪಿಂಚಣಿ ಹೆಚ್ಚಿಸಿ ಎಂದು ಮುದುಕರು ಮಾಡುವ ಮೆರವಣಿಗೆಯಿಂದ. ಮುಖ್ಯ ಪಾತ್ರ ಮಾಡಿದ ಕಾರ್ಲೊ ಬಟ್ಟಿಸ್ತಿ ನಟರಲ್ಲ, ಭಾಷಾಶಾಸ್ತ್ರದ ಪ್ರಾಧ್ಯಾಪಕರು. ಬಡತನವನ್ನು ಹೀಗೆ ಬಿಚ್ಚಿ ತೋರಿಸಿದರೆ ಇಟಲಿಯ ಹೆಸರು ಕೆಡುತ್ತದೆ ಎಂದು ಆಗ ಸರ್ಕಾರದಲ್ಲಿದ್ದ ಜೂಲಿಯೊ ಆಂಡ್ರಿಯೊಟ್ಟಿ ಬಹಿರಂಗವಾಗಿಯೇ ಆಕ್ಷೇಪಿಸಿದ್ದರು.

ಈ ಚಿತ್ರವನ್ನು ನಾನು ಮೊದಲು ಹೇಳಿದ್ದು ನಮ್ಮ ಬೀದಿಯ ನಿವೃತ್ತ ಗುಮಾಸ್ತರೊಬ್ಬರಿಗೆ. ಖಜಾನೆ ಇಲಾಖೆಯಲ್ಲಿ ಮೂರು ದಶಕ ದುಡಿದವರು, ಪತ್ನಿ ಹೋದ ಮೇಲೆ ಒಂಟಿಯಾಗಿದ್ದರು. ಸಾಮಾನ್ಯರ ಬದುಕನ್ನು ಇದ್ದಂತೆಯೇ ತೋರಿಸಿದ ಇಟಲಿಯ ನವವಾಸ್ತವತಾವಾದದ ಮಾತನ್ನು ಅವರ ಮುಂದೆ ಆಡಲಿಲ್ಲ. "ರಾಯರೇ, ನಿಮ್ಮ ಹಾಗೆಯೇ ಕಡತಗಳ ನಡುವೆ ಆಯಸ್ಸು ಕಳೆದ ಒಬ್ಬರ ಕಥೆ ಇದೆ, ಒಂದೂವರೆ ಗಂಟೆಯದು, ಮನಸ್ಸು ಭಾರವಾಗುತ್ತದೆ, ಆದರೆ ನಾಯಿ ಬದುಕುತ್ತದೆ" ಎಂದಷ್ಟೇ ಹೇಳಿದೆ. ಕೊನೆಯನ್ನು ಸ್ವಲ್ಪ ಬಿಟ್ಟುಕೊಟ್ಟದ್ದು ಬೇಕೆಂದೇ. ವಯಸ್ಸಾದವರಿಗೆ, ಒಂಟಿಯಾಗಿರುವವರಿಗೆ ಏನನ್ನು ಎದುರಿಸಬೇಕಾಗಬಹುದು ಎಂಬ ಸುಳಿವು ಮೊದಲೇ ಇದ್ದರೆ ಅವರು ಧೈರ್ಯವಾಗಿ ಕೂರುತ್ತಾರೆ. ಮರುದಿನ ಸಂಜೆ ಅವರು ಮನೆಗೆ ಬಂದು ಮಾತಾಡಿದ್ದು ಮುದುಕನ ಬಗ್ಗೆಯಲ್ಲ, ಮನೆಗೆಲಸದ ಹುಡುಗಿ ಮರಿಯಾಳ ಬಗ್ಗೆ.

ಆ ದೃಶ್ಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ನಿಧಾನಗತಿಯ ಚಿತ್ರವನ್ನು ನೋಡುವುದು ಹೇಗೆ ಎಂದು ಯಾರಿಗಾದರೂ ತೋರಿಸಿಕೊಡಬೇಕಾದಾಗ ನಾನು ಬಳಸುವುದು ಅದನ್ನೇ. ಬೆಳಗಾಗಿದೆ. ಮರಿಯಾ ನಿದ್ದೆಗಣ್ಣಿನಲ್ಲಿ ಅಡುಗೆಮನೆಗೆ ಬರುತ್ತಾಳೆ. ಗೋಡೆಗೆ ಬೆಂಕಿಕಡ್ಡಿ ಗೀರುತ್ತಾಳೆ. ಕಿಟಕಿಯಾಚೆ ಮಾಡಿನ ಮೇಲೆ ನಡೆಯುವ ಬೆಕ್ಕನ್ನು ನೋಡುತ್ತಾಳೆ. ಇರುವೆಗಳ ಸಾಲಿಗೆ ನೀರು ಎರಚುತ್ತಾಳೆ. ಮದುವೆಯಾಗದೆ ಬಸುರಾಗಿರುವ ಆಕೆಯ ಕೈ ಒಂದು ಗಳಿಗೆ ಹೊಟ್ಟೆಯನ್ನು ಮುಟ್ಟುತ್ತದೆ. ಆಮೇಲೆ ಕುರ್ಚಿಯಲ್ಲಿ ಕೂತು ಕಾಫಿ ಬೀಜ ಪುಡಿಮಾಡುತ್ತ, ಏಳಲಾರದೆ ಕಾಲು ಚಾಚಿ ಹೆಬ್ಬೆರಳ ತುದಿಯಿಂದ ಬಾಗಿಲು ತಳ್ಳಲು ನೋಡುತ್ತಾಳೆ. ಕಣ್ಣಲ್ಲಿ ನೀರು. ಮಾತೇ ಇಲ್ಲ. ಕಥೆಯ ಲೆಕ್ಕದಲ್ಲಿ ಇಲ್ಲಿ ಏನೂ ನಡೆಯುವುದಿಲ್ಲ. ಆದರೆ ಈ ಕೆಲವು ನಿಮಿಷ ನೋಡಿದವರು ಆ ಹುಡುಗಿಯನ್ನು ಮರೆತದ್ದನ್ನು ನಾನು ಕಂಡಿಲ್ಲ.

ತೋಟ, ಗದ್ದೆ ಇರುವ ಮನೆಗಳಿಗೆ ನಾನು ಹೇಳುವುದು ಎರ್ಮನ್ನೊ ಒಲ್ಮಿ ಅವರ 'ದಿ ಟ್ರೀ ಆಫ್ ವುಡನ್ ಕ್ಲಾಗ್ಸ್'. 1978ರಲ್ಲಿ ಕಾನ್ ಚಿತ್ರೋತ್ಸವದ ಅಗ್ರ ಪ್ರಶಸ್ತಿ ಪಾಮ್ ದೋರ್ ಪಡೆದ ಈ ಚಿತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆರ್ಗಾಮೊ ಸೀಮೆಯ ಒಂದೇ ವಠಾರದಲ್ಲಿ ಬದುಕುವ ಗೇಣಿದಾರ ಕುಟುಂಬಗಳದು. ನಟಿಸಿದವರು ಆ ಸೀಮೆಯ ರೈತರೇ, ಆಡುವ ಮಾತೂ ಅಲ್ಲಿಯದೇ. ಶಾಲೆಗೆ ಮೈಲಿಗಟ್ಟಲೆ ನಡೆಯುವ ಮಗನ ಮರದ ಪಾದರಕ್ಷೆ ಮುರಿದುಹೋದಾಗ ತಂದೆ ರಾತ್ರಿ ಗುಟ್ಟಾಗಿ ಒಡೆಯನ ಮರವೊಂದನ್ನು ಕಡಿಯುತ್ತಾನೆ, ಅದರ ಫಲವನ್ನು ಇಡೀ ಸಂಸಾರ ಉಣ್ಣಬೇಕಾಗುತ್ತದೆ. ಗೇಣಿ ಪದ್ಧತಿಯ ನೆನಪಿರುವ ನಮ್ಮ ಹಿರಿಯರಿಗೆ ಇದಕ್ಕೆ ಮುನ್ನುಡಿಯೇ ಬೇಡ. ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ನನ್ನ ದೊಡ್ಡಪ್ಪ ಮಾತ್ರ ಅಜ್ಜ ಅನ್ಸೆಲ್ಮೊ ಕೋಳಿಗೊಬ್ಬರ ಹಾಕಿ ಎಲ್ಲರಿಗಿಂತ ಮೊದಲೇ ಟೊಮೆಟೊ ಹಣ್ಣು ಮಾಡುವ ಗುಟ್ಟನ್ನು ಮತ್ತೊಮ್ಮೆ ಹಾಕಿಸಿ ನೋಡಿದರು. ಮೂರು ಗಂಟೆಯ ಚಿತ್ರವಾದ್ದರಿಂದ ಒಂದೇ ಸಲಕ್ಕೆ ಮುಗಿಸಬೇಕೆಂಬ ಹಟ ಬೇಡ, ಎರಡು ಸಂಜೆಗೆ ಹಂಚಿಕೊಳ್ಳಿ ಎಂದು ಹೇಳುತ್ತೇನೆ. ಹಂದಿ ಕೊಯ್ಯುವ ದೃಶ್ಯ ನಿಜವಾದದ್ದು. ಅದನ್ನು ನೋಡಲಾರದವರಿಗೆ ಮೊದಲೇ ತಿಳಿಸುವುದು ಶಿಫಾರಸು ಮಾಡುವವನ ಕರ್ತವ್ಯ.

ಇನ್ನು ಸಬ್‌ಟೈಟಲ್ ಮಾತು. ಕನ್ನಡದಲ್ಲಿ ಸಬ್‌ಟೈಟಲ್ ಇರುವ ಯುರೋಪಿನ ಚಿತ್ರಗಳು ಕೈಗೆ ಸಿಗುವುದು ತೀರ ಅಪರೂಪ. ಇಂಗ್ಲಿಷ್ ಸಾಲುಗಳನ್ನು ಓಡುತ್ತ ಓದುವುದು ಅಭ್ಯಾಸವಿಲ್ಲದವರಿಗೆ ದಣಿವು ತರುತ್ತದೆ. ಅಂಥವರಿಗೆ ಮಾತು ಕಡಿಮೆಯಿರುವ ಚಿತ್ರದಿಂದ ಶುರು ಮಾಡಿಸುತ್ತೇನೆ. ಆಲ್ಬರ್ಟ್ ಲಾಮೊರಿಸ್ ಅವರ 'ದಿ ರೆಡ್ ಬಲೂನ್' (1956) ಅರ್ಧ ಗಂಟೆಗಿಂತ ತುಸು ಹೆಚ್ಚಿನದು, ಪ್ಯಾರಿಸ್‌ನ ಹಳೆಯ ಬೀದಿಗಳಲ್ಲಿ ಹುಡುಗನ ಹಿಂದೆ ತಾನಾಗಿ ಬರುವ ಕೆಂಪು ಬಲೂನಿನದು, ಮಾತು ಬೆರಳೆಣಿಕೆಯಷ್ಟು. ಐದನೆಯ ತರಗತಿಯ ಮಕ್ಕಳೂ ಅವರ ಅಜ್ಜಿಯರೂ ಒಟ್ಟಿಗೆ ಕೂತು ನೋಡಬಹುದು. ಅದಾದ ಮೇಲೆ ಜಾಕ್ ತಾತಿ ಅವರ 'ಮಿಸ್ಟರ್ ಹುಲೋಸ್ ಹಾಲಿಡೇ' (1953): ಅಲ್ಲಿ ಹಾಸ್ಯವೆಲ್ಲ ಸದ್ದಿನಲ್ಲೇ ಇದೆ, ಊಟದ ಮನೆಯ ಬಾಗಿಲು ಪ್ರತಿ ಸಲ ಹೊರಡಿಸುವ ದನಿಯಲ್ಲೇ ಇದೆ. ಇಂಗ್ಲಿಷಿಗೆ ಡಬ್ ಮಾಡಿದ ಪ್ರತಿಯನ್ನು ಮಾತ್ರ ನಾನು ಯಾರಿಗೂ ಕೊಡುವುದಿಲ್ಲ; ಮನುಷ್ಯನ ದನಿ ಹೋದರೆ ಅರ್ಧ ನಟನೆ ಹೋದ ಹಾಗೆ.

ಟೀವಿಯ ವಿಚಾರವೂ ಇದೆ. ಈಗಿನ ಬಹಳಷ್ಟು ಟೀವಿಗಳು ಚಿತ್ರದ ಚಲನೆಯನ್ನು ತಾವಾಗಿಯೇ ನಯ ಮಾಡುತ್ತವೆ, ಇದರಿಂದ ಹಳೆಯ ಚಿತ್ರವೂ ಧಾರಾವಾಹಿಯಂತೆ ಕಾಣುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ನಿಲ್ಲಿಸಬೇಕು. ಹಳೆಯ ಚೌಕದಂಥ ಚೌಕಟ್ಟನ್ನು ಪರದೆಯ ಅಗಲಕ್ಕೆ ಎಳೆಯಬಾರದು; ಮುಖಗಳು ಅಡ್ಡಡ್ಡ ಊದಿಕೊಳ್ಳುತ್ತವೆ.

ಕೆಲಸಕ್ಕೆ ಹೋಗುವ ತರುಣರಿಗೆ ಬೆಲ್ಜಿಯಂನ ದಾರ್ದೆನ್ ಸೋದರರ ಚಿತ್ರಗಳು ಬೇಗ ತಾಗುತ್ತವೆ. 2014ರ 'ಟು ಡೇಸ್, ಒನ್ ನೈಟ್'ನಲ್ಲಿ, ಖಿನ್ನತೆಯಿಂದ ಚೇತರಿಸಿಕೊಂಡು ಕೆಲಸಕ್ಕೆ ಮರಳಬೇಕಾದ ಸಾಂಡ್ರಾ ಇಲ್ಲದೆಯೂ ಕಾರ್ಖಾನೆ ನಡೆಯುತ್ತದೆ ಎಂದು ಒಡೆಯನಿಗೆ ಗೊತ್ತಾಗಿದೆ. ಅವಳು ಬೇಕೋ ತಲಾ 1,000 ಯೂರೋ ಬೋನಸ್ ಬೇಕೋ ಎಂದು ಸಹೋದ್ಯೋಗಿಗಳಿಗೇ ಮತ ಹಾಕಲು ಬಿಟ್ಟಿದ್ದಾನೆ. ಸೋಮವಾರದ ಮರುಮತದಾನಕ್ಕೆ ಮೊದಲು ಅವಳು ಒಬ್ಬೊಬ್ಬರ ಮನೆಬಾಗಿಲಿಗೆ ಹೋಗಿ ಕೇಳಬೇಕು. ಬೆಂಗಳೂರಿನ ಕಂಪನಿಯೊಂದರಲ್ಲಿ ದುಡಿಯುವ ನನ್ನ ಅಣ್ಣನ ಮಗಳಿಗೆ ಇದನ್ನು ಹೇಳಿದ್ದೆ. "ಚಿಕ್ಕಪ್ಪ, ಬೋನಸ್ ಬೇಕು ಅಂದವರ ಮೇಲೂ ನನಗೆ ಸಿಟ್ಟು ಬರಲಿಲ್ಲ" ಎಂದು ಫೋನ್ ಮಾಡಿದಳು. ಚಿತ್ರದ ಬಲ ಇರುವುದೇ ಅಲ್ಲಿ. ಒಬ್ಬೊಬ್ಬರ ಮನೆಯ ಬಾಗಿಲು ತೆರೆದಾಗಲೂ ಬೇರೆಯೇ ಒಂದು ಸಂಸಾರದ ತಾಪತ್ರಯ ಕಾಣುತ್ತದೆ.

ಕೆಲವು ಚಿತ್ರಗಳನ್ನು ಕೆಲವರಿಂದ ದೂರವೇ ಇಡುತ್ತೇನೆ. ಕ್ರಿಸ್ತಾಫ್ ಕಿಶ್ಲೋವ್‌ಸ್ಕಿ ಪೋಲೆಂಡಿನ ಟೆಲಿವಿಷನ್‌ಗಾಗಿ ಮಾಡಿದ 'ಡೆಕಲಾಗ್'ನ ಹತ್ತು ಕಥೆಗಳಿಗೂ ವಾರ್ಸಾದ ಒಂದೇ ವಸತಿ ಸಮುಚ್ಚಯ ನೆಲೆ. ಒಂದೊಂದೂ ಸುಮಾರು ಒಂದು ಗಂಟೆಯದು. ಸಮಯ ಸಾಲದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿದಿಲ್ಲ. ಆದರೆ ಮೊದಲನೆಯದರಲ್ಲಿ, ಕೆರೆಯ ಹಿಮ ಗಟ್ಟಿಯಿದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಂಬಿದ ತಂದೆ ಮಗನನ್ನು ಕಳೆದುಕೊಳ್ಳುತ್ತಾನೆ. ಮಕ್ಕಳನ್ನು ಕಳೆದುಕೊಂಡವರ ಮನೆಗೆ ಇದನ್ನು ಒಯ್ಯಬಾರದು. ಕೊಲೆ ಮತ್ತು ಮರಣದಂಡನೆ ಎರಡನ್ನೂ ಕಣ್ಣು ತಪ್ಪಿಸದೆ ತೋರಿಸುವ ಐದನೆಯದನ್ನು ಎಚ್ಚರಿಕೆ ಕೊಡದೆ ಯಾರಿಗೂ ಹೇಳುವುದಿಲ್ಲ.

ಟೂರಿಂಗ್ ಟಾಕೀಸ್ ನೋಡಿ ಬೆಳೆದ ನನ್ನ ಓರಗೆಯವರಿಗೆ ನಾನು ಬಹಳ ಪ್ರೀತಿಯಿಂದ ಹೇಳುವುದು ವಿಕ್ಟರ್ ಎರಿಸೆ ಅವರ 'ದಿ ಸ್ಪಿರಿಟ್ ಆಫ್ ದಿ ಬೀಹೈವ್'. ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೊ ಇನ್ನೂ ಅಧಿಕಾರದಲ್ಲಿದ್ದಾಗಲೇ, 1973ರಲ್ಲಿ ಬಂದದ್ದು. ಫ್ರಾಂಕೊ ಗೆದ್ದ ಅಂತರ್ಯುದ್ಧ ಮುಗಿದ ಮರುವರ್ಷ ಕಾಸ್ಟೀಲ್ ಬಯಲಿನ ಒಂದು ಹಳ್ಳಿಗೆ ಲಾರಿಯಲ್ಲಿ ಸಿನೆಮಾ ಬರುತ್ತದೆ, ಜನ ತಂತಮ್ಮ ಕುರ್ಚಿ ಹೊತ್ತು ಬರುತ್ತಾರೆ, ಫ್ರಾಂಕನ್‌ಸ್ಟೈನ್ ಚಿತ್ರ ನೋಡಿದ ಆನಾ ಎಂಬ ಪುಟ್ಟ ಹುಡುಗಿ ಆ ದೈತ್ಯನನ್ನು ಹುಡುಕಿ ಹೊರಡುತ್ತಾಳೆ. ಸೋತವರ ಬಗ್ಗೆ ಬಾಯಿಬಿಟ್ಟು ಮಾತಾಡಲಾಗದ ಆ ನಾಡಿನಲ್ಲಿ ಮಗುವಿನ ಕಣ್ಣೊಂದೇ ಎಲ್ಲವನ್ನೂ ಹೇಳುತ್ತದೆ.

ನೋಡಿ ಬಂದವರನ್ನು ಇಷ್ಟವಾಯಿತೇ ಎಂದು ನಾನು ಕೇಳುವುದಿಲ್ಲ. ಆ ಪ್ರಶ್ನೆಗೆ ಮರ್ಯಾದೆಯ ಉತ್ತರ ಬರುತ್ತದೆ. ಯಾವ ದೃಶ್ಯ ನೆನಪಿನಲ್ಲಿ ಉಳಿದಿದೆ ಎಂದು ಕೇಳಿದರೆ ಮುಂದಿನ ಚಿತ್ರ ಯಾವುದೆಂದು ಅವರೇ ಹೇಳಿದಂತಾಗುತ್ತದೆ. ಮರಿಯಾಳ ಅಡುಗೆಮನೆಯನ್ನು ನೆನೆದವರಿಗೆ ನಾನು ತೆಗೆದಿಟ್ಟಿರುವುದು ಶಾಂತಾಲ್ ಅಕರ್‌ಮನ್ 1975ರಲ್ಲಿ ಮಾಡಿದ 'ಜಾನ್ ದೀಲ್‌ಮಾನ್'. ಬ್ರಸೆಲ್ಸ್‌ನ ಒಬ್ಬ ವಿಧವೆಯ ಮೂರು ದಿನಗಳ ಮನೆವಾರ್ತೆಯನ್ನು ಮೂರು ಗಂಟೆಗೂ ಮಿಕ್ಕಿ ತೋರಿಸುವ ಈ ಚಿತ್ರವನ್ನು 2022ರಲ್ಲಿ ಬ್ರಿಟನ್ನಿನ ಸಿನೆಮಾ ಪತ್ರಿಕೆ 'ಸೈಟ್ ಅಂಡ್ ಸೌಂಡ್' ನಡೆಸಿದ ವಿಮರ್ಶಕರ ಮತದಾನ ಶ್ರೇಷ್ಠ ಚಿತ್ರಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿಸಿತು. ಆಕೆ ಮನೆಗೆ ಬರುವ ಗಂಡಸರಿಂದ ಹಣ ಪಡೆದು ಸಂಸಾರ ತೂಗಿಸುವವಳು, ಕೊನೆಯಲ್ಲಿ ಹಿಂಸೆಯೂ ಇದೆ. ಆದ್ದರಿಂದ ಮನೆಮಂದಿಯೆಲ್ಲ ಕೂತು ನೋಡುವುದಲ್ಲ. ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುವ ಹೊತ್ತಿಗೆ ಕಾಯಿರಿ, ಅಲ್ಲಿಂದ ಮುಂದೆ ಅವಳ ಕೈಗಳನ್ನೇ ಗಮನಿಸಿ ಎಂದು ಮಾತ್ರ ಹೇಳಿ ಕೊಡುತ್ತೇನೆ. ಖಜಾನೆಯ ರಾಯರಿಗೆ ಮೊನ್ನೆ ಕೊಟ್ಟಿದ್ದೇನೆ. ಅವರು ದಿನಕ್ಕೊಂದು ಗಂಟೆಯಂತೆ ನೋಡುತ್ತಿದ್ದಾರೆ.