40ರ ಚೀಟಿ

ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2023-24ರ ಋತುವಿನ 82 ಪಂದ್ಯಗಳಲ್ಲಿ ಗೆದ್ದದ್ದು ಕೇವಲ 14. ನಡುವೆ ಸತತ 28 ಪಂದ್ಯಗಳನ್ನು ಸೋತಿತ್ತು. ಮುಂದಿನ ಋತುವಿನಲ್ಲಿ ಈ ತಂಡ ಎಷ್ಟು ಗೆಲ್ಲಬಹುದು ಎಂಬುದರ ಮೇಲೆ ಮಿಶಿಗನ್‌ನ ನಮ್ಮ ಕಚೇರಿಯ ಹನ್ನೊಂದು ಮಂದಿ ಒಂದು ಪುಟ್ಟ ಮುನ್ಸೂಚನಾ ಮಾರುಕಟ್ಟೆ ನಡೆಸಿದೆವು. ದುಡ್ಡಿನ ವ್ಯವಹಾರವಿರಲಿಲ್ಲ, ತಲೆಗೆ 10,000 ಆಟದ ನಾಣ್ಯ. 25, 30, 35, 40 ಎಂದು ನಾಲ್ಕು ಬಗೆಯ ಚೀಟಿಗಳು. ತಂಡದ ಗೆಲುವು ಆ ಸಂಖ್ಯೆ ಮುಟ್ಟಿದರೆ ಚೀಟಿಗೆ ಮಾರಿದವರಿಂದ ಕೊಂಡವರಿಗೆ 100 ನಾಣ್ಯ, ಇಲ್ಲವಾದರೆ ಸೊನ್ನೆ. ಹಾಗಾಗಿ 30ರ ಚೀಟಿ 38ಕ್ಕೆ ಕೈ ಬದಲಾಗುತ್ತಿದ್ದರೆ, ಅದಕ್ಕೆ ಶೇ. 38 ಸಾಧ್ಯತೆ ಇದೆಯೆಂದು ಕಚೇರಿ ನಂಬಿದೆ ಎಂದೇ ಅರ್ಥ.

ನನ್ನ ಲೆಕ್ಕ ಶುರುವಾದದ್ದು ಗೆಲುವಿನಿಂದಲ್ಲ, ಅಂಕಗಳ ಅಂತರದಿಂದ. ಪಂದ್ಯಕ್ಕೆ ಸರಾಸರಿ ಒಂದು ಅಂಕದ ಮೇಲುಗೈ ಇಡೀ ಋತುವಿನಲ್ಲಿ ಸುಮಾರು 2.7 ಗೆಲುವಿಗೆ ಸಮ ಎಂಬುದು ಈ ಆಟದ ಲೆಕ್ಕಿಗರ ಹಳೆಯ ಸೂತ್ರ. ಪಿಸ್ಟನ್ಸ್ ಪಂದ್ಯಕ್ಕೆ ಸುಮಾರು 9 ಅಂಕ ಹಿಂದೆ ಬಿದ್ದಿತ್ತು. ಸಾಧಾರಣ ತಂಡ ಗೆಲ್ಲುವ ಅರ್ಧ ಋತುವಿನ 41ರಿಂದ, 9ನ್ನು 2.7ರಿಂದ ಗುಣಿಸಿ ಬಂದ ಸುಮಾರು 24 ಕಳೆದರೆ 17. ಅಂದರೆ ಆ 14ರಲ್ಲಿ ಮೂರು ಗೆಲುವಿನಷ್ಟು ದುರದೃಷ್ಟವೂ ಸೇರಿತ್ತು. ಹೊಸ ಕೋಚ್ ಜೆ.ಬಿ. ಬಿಕರ್‌ಸ್ಟಾಫ್, ದೂರದಿಂದ ಗುರಿಯಿಡುವ ಮಲಿಕ್ ಬೀಸ್ಲಿ, ಅನುಭವಿ ಟೊಬಯಾಸ್ ಹ್ಯಾರಿಸ್, ಪಳಗುತ್ತಿದ್ದ ಕೇಡ್ ಕನಿಂಗ್‌ಹ್ಯಾಮ್ ಇವರನ್ನೆಲ್ಲ ಸೇರಿಸಿ 28 ಎಂದು ಬರೆದುಕೊಂಡೆ. ಈ ಕೊನೆಯ ಹನ್ನೊಂದು ಲೆಕ್ಕಕ್ಕಿಂತ ಹೆಚ್ಚಾಗಿ ಅಂದಾಜೇ ಆಗಿತ್ತು.

ತಂಡ ಮೊದಲ ನಾಲ್ಕೂ ಪಂದ್ಯ ಸೋತಿತು. 30ರ ಚೀಟಿ 20ಕ್ಕೆ ಕುಸಿಯಿತು. ಎದುರಾಳಿಗಳು ಪೇಸರ್ಸ್, ಕ್ಯಾವಲಿಯರ್ಸ್, ಆಗಿನ ಹಾಲಿ ಚಾಂಪಿಯನ್ ಸೆಲ್ಟಿಕ್ಸ್ ಮತ್ತು ಹೀಟ್. ಅವರೆದುರು ನಾನು ನಿರೀಕ್ಷಿಸಿದ್ದೇ ಒಂದಕ್ಕಿಂತ ಕಡಿಮೆ ಗೆಲುವಾದ್ದರಿಂದ ನನ್ನ 28 ಇಳಿದದ್ದು 27ರ ಆಸುಪಾಸಿಗೆ ಮಾತ್ರ. 30ರ ಚೀಟಿ ಕೊಂಡೆ. ಅದೇ ವಾರ, ಗಮನಿಸುವವರಿಲ್ಲದೆ, 35ರ ಚೀಟಿ 22ಕ್ಕೆ ನಿಂತಿತ್ತು. 35 ಗೆದ್ದ ತಂಡ 30 ಗೆದ್ದೇ ಇರುತ್ತದೆ. ಸುಲಭದ್ದು ಅಗ್ಗ, ಕಷ್ಟದ್ದು ತುಟ್ಟಿ! 20ಕ್ಕೆ ಒಂದನ್ನು ಕೊಂಡು 22ಕ್ಕೆ ಇನ್ನೊಂದನ್ನು ಮಾರಿದರೆ ಏನೇ ಆದರೂ ಎರಡು ನಾಣ್ಯ ಉಳಿಯುತ್ತದೆ. ಮಧ್ಯಾಹ್ನದ ಊಟದೊಳಗೆ ಬೆಲೆ ಸರಿಹೋಯಿತು.

ಎಡವಿದ್ದು 40ರ ಚೀಟಿಯಲ್ಲಿ. ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿದಂತೆ ಎಣಿಸಿ, 28ರ ಆಚೀಚೆ ಸುಮಾರು 4.3 ಗೆಲುವಿನ ಹರವು, ಅಂದರೆ ಸಾಮಾನ್ಯವಾಗಿ ಆಗುವ ಏರುಪೇರು, ಸಾಕೆಂದುಕೊಂಡಿದ್ದೆ. ಆ ಲೆಕ್ಕದಲ್ಲಿ 40 ಗೆಲುವು ಇನ್ನೂರೈವತ್ತಕ್ಕೆ ಒಂದು ಸಾಧ್ಯತೆ. ಆದ್ದರಿಂದ ಋತು ಶುರುವಾಗುವ ಮೊದಲೇ, ತಲಾ 4 ನಾಣ್ಯಕ್ಕೆ 50 ಚೀಟಿಗಳನ್ನು ಪಕ್ಕದ ಮೇಜಿನ ಹಿರಿಯರಿಗೆ ಮಾರಿಬಿಟ್ಟೆ. 2004ರ ಚಾಂಪಿಯನ್ ಪಿಸ್ಟನ್ಸ್ ತಂಡವನ್ನು ಕಣ್ಣಾರೆ ಕಂಡ ಅವರದು ಅಭಿಮಾನದ ಖರೀದಿ ಎಂದು ಒಳಗೊಳಗೇ ನಕ್ಕಿದ್ದೂ ಉಂಟು. ನಾನು ಬಿಟ್ಟದ್ದೇನೆಂದರೆ, 28 ಎಂಬ ನಡುಸಂಖ್ಯೆಯೇ ತಪ್ಪಾಗಿರಬಹುದು ಎಂಬ ಅನುಮಾನವನ್ನು. ಕೋಚೂ ಅರ್ಧ ತಂಡವೂ ಬದಲಾದಾಗ ಆ ಅನುಮಾನಕ್ಕೇ ಎಂಟು ಗೆಲುವಿನ ಹರವು ಕೊಡಬೇಕು. ಎರಡನ್ನೂ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದರೆ 9. ಆಗ 40ರ ಸಾಧ್ಯತೆ ಹತ್ತಕ್ಕೆ ಒಂದು. ನಾನು ಮಾರಿದ್ದು ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ.

2025ರ ಮೊದಲ ದಿನ ತಂಡದ ಆಟಗಾರ ಜೇಡನ್ ಐವಿಯ ಕಾಲು ಮುರಿದಾಗ, ಅಷ್ಟರಲ್ಲಿ ಏರಿದ್ದ ಬೆಲೆ ಮತ್ತೆ ಇಳಿದು, 15ಕ್ಕೆ ಆ 40ರ ಚೀಟಿಗಳನ್ನು ಮರಳಿ ಕೊಳ್ಳುವ ಅವಕಾಶ ಸಿಕ್ಕಿತು. ಹಠ ಬಿಡಲಿಲ್ಲ. ಮಾರ್ಚ್ ಮುಗಿಯುವ ಮೊದಲೇ ತಂಡ 40 ದಾಟಿ, ಕೊನೆಗೆ 44 ಗೆದ್ದಿತು. 200 ನಾಣ್ಯ ಪಡೆದಿದ್ದ ನಾನು 5,000 ಎಣಿಸಿಕೊಟ್ಟೆ. ಹಿರಿಯರು ಏನೂ ಹೇಳದೆ, ನನ್ನ ಲೆಕ್ಕದ ಹಾಳೆಯ ನಕಲೊಂದನ್ನು ಮಾತ್ರ ಕೇಳಿ ಪಡೆದರು.