ಹೊರಡುವ ಮುನ್ನ ತುಂಬಿಸಿ, ವೈಫೈಗೆ ಮರಳಿದ ಮೇಲೆ ಅಳಿಸಿ

ಸ್ಟೋರೇಜ್ ತುಂಬಿದೆ ಎಂಬ ಸೂಚನೆ ಬಂದ ಕೂಡಲೇ ಬಹಳಷ್ಟು ಜನ ‘ಕ್ಲಿಯರ್ ಕ್ಯಾಶ್’ ಒತ್ತಿಬಿಡುತ್ತಾರೆ. ಕ್ಯಾಶ್ ಎಂದರೆ ಮುಂದಿನ ಸಲ ಬೇಗ ತೆರೆಯಲೆಂದು ಆ್ಯಪ್‌ಗಳು ಫೋನಿನಲ್ಲಿ ಇಟ್ಟುಕೊಳ್ಳುವ ತಾತ್ಕಾಲಿಕ ಕಡತಗಳು. ವೈಫೈ ಇರುವಲ್ಲಿ ಇದರಿಂದ ನಷ್ಟವೇನೂ ಇಲ್ಲ, ಬೇಕಾದ್ದು ಮತ್ತೆ ಇಳಿಯುತ್ತದೆ. ಪ್ರಯಾಣದ ನಡುವೆ ಒತ್ತಿದರೆ, ಆಗಷ್ಟೇ ನೋಡಿದ್ದ ನಕ್ಷೆ, ಚಿತ್ರಗಳನ್ನೆಲ್ಲ ಮೊಬೈಲ್ ಡೇಟಾ ಸುರಿದು ಮತ್ತೆ ತರಿಸಿಕೊಳ್ಳಬೇಕು. ಸಿಗ್ನಲ್ ಇಲ್ಲದಿದ್ದರೆ ಅದೂ ಆಗದು. ಹಾಗಾಗಿ ಕ್ಯಾಶ್ ಮುಟ್ಟುವ ಮೊದಲು ಈಗ ಎಲ್ಲಿದ್ದೀರಿ, ಮುಂದೆ ಎಲ್ಲಿಗೆ ಹೊರಟಿದ್ದೀರಿ ಎಂದು ನೋಡಿಕೊಳ್ಳಿ.

ಯಾವುದು ಕ್ಯಾಶ್?

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ ಆರಿಸಿ, ಸ್ಟೋರೇಜ್ ತೆರೆಯಿರಿ. ಅಲ್ಲಿ ಎರಡು ಆಯ್ಕೆಗಳಿರುತ್ತವೆ. ‘ಕ್ಲಿಯರ್ ಕ್ಯಾಶ್’ ತಾತ್ಕಾಲಿಕ ಕಡತಗಳನ್ನಷ್ಟೇ ಅಳಿಸುತ್ತದೆ. ‘ಕ್ಲಿಯರ್ ಸ್ಟೋರೇಜ್’ ಅಥವಾ ‘ಕ್ಲಿಯರ್ ಡೇಟಾ’ ಒತ್ತಿದರೆ ಲಾಗಿನ್, ಸೆಟ್ಟಿಂಗ್, ಆ್ಯಪ್‌ನೊಳಗೆ ಉಳಿಸಿಕೊಂಡಿದ್ದೆಲ್ಲವೂ ಹೋಗುತ್ತದೆ. ಅವಸರದಲ್ಲಿ ಇದನ್ನು ಒತ್ತಬೇಡಿ.

ಐಫೋನ್‌ನಲ್ಲಿ ಎಲ್ಲ ಆ್ಯಪ್‌ಗಳಿಗೂ ಅನ್ವಯಿಸುವಂಥ ಕ್ಯಾಶ್ ಬಟನ್ ಇಲ್ಲ. ‘ಆಫ್‌ಲೋಡ್ ಆ್ಯಪ್’ ಒತ್ತಿದರೆ ಕ್ಯಾಶ್ ಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ತೆಗೆಯುವುದು ಆ್ಯಪನ್ನು ಮಾತ್ರ, ಅದರ ಡೇಟಾ ಫೋನಿನಲ್ಲೇ ಇರುತ್ತದೆ. ಆ್ಯಪ್‌ನೊಳಗೇ ಕ್ಯಾಶ್ ಅಳಿಸುವ ಆಯ್ಕೆ ಇದೆಯೇ ಎಂದು ಹುಡುಕಿ.

ವೈಫೈ ಬಿಡುವ ಮುನ್ನ

ಹೋಗುವ ದಾರಿಯಲ್ಲಿ ಏನು ಬೇಕೋ ಅದನ್ನು ಮೊದಲೇ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ‘ಆಫ್‌ಲೈನ್ ಮ್ಯಾಪ್ಸ್’ಗೆ ಹೋಗಿ ‘ಸೆಲೆಕ್ಟ್ ಯುವರ್ ಓನ್ ಮ್ಯಾಪ್’ ಒತ್ತಿದರೆ ಚೌಕಟ್ಟೊಂದು ಬರುತ್ತದೆ. ಅದನ್ನು ಹಿಗ್ಗಿಸಿದಂತೆ ಬೇಕಾಗುವ ಜಾಗವೂ ಹೆಚ್ಚುತ್ತದೆ. ಇಡೀ ಪ್ರದೇಶವನ್ನು ಬಾಚಿಕೊಳ್ಳುವ ಬದಲು ದಾರಿಯನ್ನೂ ತಲುಪುವ ಊರನ್ನೂ ಆವರಿಸುವಷ್ಟು ಆರಿಸಿದರೆ ಸಾಕು. ಆಫ್‌ಲೈನ್‌ನಲ್ಲಿ ವಾಹನದ ದಾರಿ ಸಿಗುತ್ತದೆ. ಟ್ರಾಫಿಕ್ ಮಾಹಿತಿ, ಬಸ್ಸು–ರೈಲಿನ ವಿವರ, ನಡಿಗೆಯ ದಾರಿ ಸಿಗುವುದಿಲ್ಲ. ನಡೆದೇ ತಿರುಗುವವರು ಇದನ್ನು ನೆನಪಿಡಿ. ಈ ನಕ್ಷೆಗಳಿಗೆ ಅವಧಿಯೂ ಇದೆ. ಅದು ಮುಗಿಯಲು 15 ದಿನ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ, ವೈಫೈ ಸಿಕ್ಕರೆ ಆ್ಯಪ್ ತಾನೇ ನವೀಕರಿಸಲು ನೋಡುತ್ತದೆ. ದೀರ್ಘಕಾಲ ವೈಫೈ ಸಿಗದ ಕಡೆಗೆ ಹೊರಟಿದ್ದರೆ ನೀವೇ ನವೀಕರಿಸಿಕೊಂಡು ಹೊರಡಿ.

ಫೋನೇ ನೆನಪಿಸಲಿ

ಐಫೋನ್‌ನ ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಿ ‘ಆಟೊಮೇಶನ್’ ಇದೆ. ಒಂದು ಜಾಗ ತಲುಪಿದಾಗ ಅಥವಾ ಬಿಟ್ಟಾಗ ಏನಾಗಬೇಕೆಂದು ಅಲ್ಲಿ ಹೇಳಿಡಬಹುದು. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಈ ಕೆಲಸಕ್ಕೆ ‘ಮೋಡ್ಸ್ ಆ್ಯಂಡ್ ರುಟೀನ್ಸ್’ ಇದೆ. ಇವು ಬೇರೆ ಆ್ಯಪ್‌ಗಳ ಕ್ಯಾಶ್ ಅಳಿಸಿಕೊಡುತ್ತವೆ ಎಂದು ಕಾಯಬೇಡಿ. ಆದರೆ ವೈಫೈಗೆ ಮರಳಿದ ಕೂಡಲೇ ಒಂದು ಸೂಚನೆ ತೋರಿಸುವ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಜಿಪಿಎಸ್ ಆಧಾರದ ಷರತ್ತಿಗಿಂತ ‘ಈ ವೈಫೈಗೆ ಸೇರಿದಾಗ’ ಎಂಬ ಷರತ್ತೇ ನನಗೆ ಮೇಲು: ಬ್ಯಾಟರಿ ಉಳಿಯುತ್ತದೆ, ನೀವಿರುವ ಜಾಗದ ಮಾಹಿತಿಯನ್ನು ಇನ್ನೊಂದು ಆ್ಯಪ್‌ಗೆ ಸದಾ ಕೊಡುತ್ತಿರಬೇಕಿಲ್ಲ.

ವಾಟ್ಸ್‌ಆ್ಯಪ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ಫೋಟೊ, ವಿಡಿಯೊ ತಾವಾಗಿಯೇ ಇಳಿಯುವುದನ್ನು ವೈಫೈಗೆ ಮಾತ್ರ ಸೀಮಿತಗೊಳಿಸಿ, ರೋಮಿಂಗ್‌ನಲ್ಲಿ ಪೂರ್ತಿ ನಿಲ್ಲಿಸಿ. ಟೆಲಿಗ್ರಾಂನಲ್ಲಿ ಹಳೆಯ ಮೀಡಿಯಾ ಎಷ್ಟು ದಿನದ ಬಳಿಕ ಫೋನಿನಿಂದ ಅಳಿಯಬೇಕೆಂದು ನಿಗದಿ ಮಾಡಬಹುದು. ಅಲ್ಲಿನ ಸಾಮಾನ್ಯ ಚಾಟ್‌ಗಳ (ಕ್ಲೌಡ್ ಚಾಟ್) ಪ್ರತಿ ಟೆಲಿಗ್ರಾಂ ಸರ್ವರ್‌ನಲ್ಲಿ ಇದ್ದೇ ಇರುತ್ತದೆ. ವಾಟ್ಸ್‌ಆ್ಯಪ್ ಚಿತ್ರಗಳಿಗೆ ಇದೇ ಲೆಕ್ಕ ಹಾಕಬೇಡಿ, ಅವು ಕ್ಯಾಶ್ ಅಲ್ಲ.

ಮರಳಿದ ಮೇಲೆ

ಸ್ಟೋರೇಜ್ ಪಟ್ಟಿಯಲ್ಲಿ ಅತಿ ಹೆಚ್ಚು ಜಾಗ ಹಿಡಿದಿರುವ ಒಂದೆರಡು ಆ್ಯಪ್‌ಗಳ ಕ್ಯಾಶ್ ಮಾತ್ರ ಅಳಿಸಿ, ಉಳಿದವನ್ನು ಬಿಟ್ಟುಬಿಡಿ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪ್‌ಗೂ ಕ್ಯಾಶ್ ಮಿತಿ ಇದೆ. ಜಾಗ ಸಾಲದಾದಾಗ ಮಿತಿ ಮೀರಿದ ಆ್ಯಪ್‌ಗಳ ಕ್ಯಾಶನ್ನು ಫೋನೇ ಮೊದಲು ತೆರವು ಮಾಡುತ್ತದೆ. ದಿನವೂ ಎಲ್ಲವನ್ನೂ ಅಳಿಸಿದರೆ ಆ್ಯಪ್‌ಗಳು ನಿಧಾನವಾಗಿ ತೆರೆದುಕೊಳ್ಳುತ್ತವೆ, ಡೇಟಾ ಮತ್ತೆ ಮತ್ತೆ ಖರ್ಚಾಗುತ್ತದೆ. ಹಳೆಯ ಪುಟವೇ ಮತ್ತೆ ಮತ್ತೆ ಕಾಣುತ್ತಿದ್ದರೆ ಅಥವಾ ಆ್ಯಪ್ ಪದೇ ಪದೇ ಮುಚ್ಚಿಕೊಳ್ಳುತ್ತಿದ್ದರೆ ಮಾತ್ರ ವೈಫೈಗೆ ಕಾಯದೆ ಆ ಒಂದು ಆ್ಯಪ್‌ನ ಕ್ಯಾಶ್ ಅಳಿಸಿ ನೋಡಿ.